ಹಳೆಯ ಮೋಟಾರಿನ ಅಡಿಭಾಗ

ಮೋಟಾರು ಗಾಡಿಯನ್ನು ನಾವು ಸಾಮಾನ್ಯವಾಗಿ ಮೂರು ಕಡೆಯಿಂದ ನೋಡುತ್ತೇವೆ. ನಾವು ಕೊಳ್ಳುವಾಗ ಮುಂದಿನಿಂದ, ಮಾರುವಾಗ ಪಕ್ಕದಿಂದ, ನೆರೆಮನೆಯವರು ಕೊಂಡಾಗ ಹಿಂದಿನಿಂದ. ಆದರೆ ಅದಕ್ಕೆ ನಾಲ್ಕನೆಯ ಮುಖವೊಂದುಂಟು. ಅದು ನೆಲದ ಕಡೆಗೆ ತಿರುಗಿಕೊಂಡಿರುವ ಮುಖ. ಅದನ್ನು ನೋಡಬೇಕಾದರೆ ಅಂಗಿ ಬಿಚ್ಚಿಟ್ಟು ಅಂಗಾತ ಮಲಗಬೇಕು. ಅಷ್ಟು ತೊಂದರೆ ಯಾರಿಗೆ ಬೇಕು? ಹೀಗಾಗಿ ಗಾಡಿಯ ಅಡಿಭಾಗವೂ ಅದರ ಹಿಂದಿನ ಅಚ್ಚೂ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಸದ್ದಿಲ್ಲದೆ ಸವೆಯುತ್ತವೆ. ಹಳೆಯ ಕಾರನ್ನು ಮತ್ತೆ ರಸ್ತೆಗಿಳಿಸಬೇಕೆಂಬ ಹವ್ಯಾಸ ಈಗ ಊರೂರಿಗೂ ಹಬ್ಬುತ್ತಿರುವುದರಿಂದ, ಈ ಕಾಣದ ಭಾಗದ ವಿಚಾರವನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ತುಕ್ಕು ಎಂದರೇನು ಎಂಬುದನ್ನು ನೋಡೋಣ. ಭೂಮಿಯಲ್ಲಿ ಕಬ್ಬಿಣವು ಶುದ್ಧ ಲೋಹವಾಗಿ ಸಿಗುವುದು ಬಹಳ ಅಪರೂಪ. ನಮ್ಮ ನೆರೆಯ ಸಂಡೂರಿನ ಬೆಟ್ಟಗಳಲ್ಲಿರುವುದು ಆಮ್ಲಜನಕದೊಡನೆ ಕೂಡಿಕೊಂಡ ಕೆಂಪು ಅದಿರು. ಅದನ್ನು ಕುಲುಮೆಯಲ್ಲಿ ಕಾಯಿಸಿ, ಆಮ್ಲಜನಕವನ್ನು ಬಿಡಿಸಿ, ಮನುಷ್ಯ ಕಬ್ಬಿಣವನ್ನು ಪಡೆಯುತ್ತಾನೆ. ನೀರು, ಗಾಳಿ ಎರಡೂ ಸೋಂಕಿದೊಡನೆ ಆ ಕಬ್ಬಿಣ ಮತ್ತೆ ತನ್ನ ಹಳೆಯ ನೆಂಟನನ್ನು ಕೂಡಿಕೊಳ್ಳಲು ಹಾತೊರೆಯುತ್ತದೆ. ತುಕ್ಕು ಎಂದರೆ ಕಬ್ಬಿಣ ತವರುಮನೆಗೆ ಹೊರಟಂತೆ. ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣ ಯುಗದ ಜನರು ಕಟ್ಟಿದ ನೂರಾರು ಕಲ್ಲುಮನೆಗಳು ಇಂದಿಗೂ ನಿಂತಿವೆ. ಆ ಯುಗದ ಕಲ್ಲು ಉಳಿದಿದೆ. ಆದರೆ ಆ ಯುಗದ ಕಬ್ಬಿಣದ ಆಯುಧಗಳು ಎಲ್ಲಿ ಅಗೆದರೂ ಬಹುಮಟ್ಟಿಗೆ ತುಕ್ಕಾಗಿಯೇ ಸಿಗುತ್ತವೆ. ಇನ್ನು ಮೋಟಾರಿನ ತಳದ ತೆಳು ತಗಡು ಎಷ್ಟರದು?

ಈ ಕೆಲಸಕ್ಕೆ ಉಪ್ಪು ಸೇರಿತೆಂದರೆ ತುಕ್ಕಿಗೆ ಕಾಲು ಬಂದಂತೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ತುಕ್ಕು ಹಿಡಿಯುವುದು ಮೂಲತಃ ಒಂದು ಸಣ್ಣ ವಿದ್ಯುತ್ ವ್ಯಾಪಾರವೇ ಆದ್ದರಿಂದ ಅದರ ವೇಗ ಹೆಚ್ಚುತ್ತದೆ. "ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕಬ್ಬಿಣಕ್ಕೂ ಈ ಗಾದೆ ಸಲ್ಲುತ್ತದೆ. ತಗಡಿಗೆ ಉಪ್ಪು ಮೆತ್ತಿಕೊಂಡರೆ ಅದು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ.

ಸಮುದ್ರದಿಂದ ದೂರವಿರುವ ನಮಗೆ ಈ ಭಯವೆಲ್ಲಿಯದು ಎಂದು ಯಾರಾದರೂ ಕೇಳಬಹುದು. ನಮ್ಮ ಜಿಲ್ಲೆಯಲ್ಲಿಯೇ ಎರಡು ಬಗೆಯ ನಾಡಿದೆ ಎಂಬುದನ್ನು ಅವರು ಮರೆಯಬಾರದು. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಿದ್ದ ಮೇಲೆ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಕಡೆಗೆ ಹರಿಯಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನೀರಿನ ಜೊತೆಗೆ ಸವಳೂ ಮೇಲೆದ್ದಿತು. ಎರೆಭೂಮಿಯಲ್ಲಿ ನೀರು ನಿಂತಲ್ಲಿ ಒಳಗಿನ ಉಪ್ಪು ಮೇಲಕ್ಕೇರಿ ಬೆಳ್ಳಗೆ ಹೊರಚೆಲ್ಲುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳು ಭೂಮಿಯನ್ನು ಸುಧಾರಿಸುವ ಕೆಲಸ ಬಹುಕಾಲದಿಂದ ನಡೆದಿದೆ. ಅಂಥ ಗದ್ದೆಯ ಬದುವಿನ ಮೇಲೆ ಓಡಾಡಿದ ಜೀಪಿನ ಅಡಿಗೆ ಮೆತ್ತುವ ರಾಡಿ ಬರಿಯ ಮಣ್ಣಲ್ಲ, ಉಪ್ಪುಮಣ್ಣು. ಅದು ಮಡ್‌ಗಾರ್ಡಿನ ಮೂಲೆಯಲ್ಲಿ ಒದ್ದೆ ಬಟ್ಟೆಯಂತೆ ಅಂಟಿಕೊಂಡು ವಾರಗಟ್ಟಲೆ ಆರುವುದಿಲ್ಲ.

ಕುಷ್ಟಗಿ, ಯಲಬುರ್ಗಾಗಳ ಕಥೆ ಬೇರೆ. ಅಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಅಲ್ಲಿ ಹತ್ತಾರು ವರ್ಷ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ತಗಡು ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಆದರೆ ಬಿಸಿಲಿಗೆ ರಬ್ಬರು ಒಣಗಿ ಬಿರಿಯುತ್ತದೆ. ಧೂಳು ಗ್ರೀಸಿನೊಳಗೆ ಸೇರಿ ಅರೆಯುವ ಕಲ್ಲಿನಂತೆ ಬೇರಿಂಗನ್ನು ತಿನ್ನುತ್ತದೆ. ಹಳೆಯ ಗಾಡಿಯನ್ನು ಕೊಳ್ಳುವವರು ಬೆಲೆಯನ್ನು ಕೇಳುವ ಮುಂಚೆ ಅದು ಎಲ್ಲಿ ಬಾಳಿತೆಂದು ಕೇಳಬೇಕು. ಗದ್ದೆನಾಡಿನ ಗಾಡಿಯಾದರೆ ತಗಡನ್ನು ಪರೀಕ್ಷಿಸಿ; ಒಣನಾಡಿನ ಗಾಡಿಯಾದರೆ ರಬ್ಬರು, ಸೀಲು, ಬೇರಿಂಗುಗಳನ್ನು ಪರೀಕ್ಷಿಸಿ.

ಓಟದ ಕಾರು, ಅಂದರೆ ಇಬ್ಬರು ಕೂಡುವ ತಗ್ಗಾದ ಸ್ಪೋರ್ಟ್ಸ್ ಕಾರು, ನಮ್ಮ ಕಡೆ ಕಣ್ಣಿಗೆ ಬೀಳುವುದು ಕಡಿಮೆ. ಆದರೆ ಅದರ ದಾಯಾದಿಯನ್ನು ಹಿರಿಯರು ಬಲ್ಲರು. ೧೯೬೧ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಮಾದರಿಯದು. ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿ ೧೯೬೨ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಓಟದ ಕಾರನ್ನು ಮಾಡಿದರು. ಹೀಗಾಗಿ ಇವೆರಡರ ಅಡಿಭಾಗದ ರೋಗಗಳೂ ಬಹುಪಾಲು ಒಂದೇ. ನಮ್ಮ ಬೆಂಗಳೂರಿನಲ್ಲಿ ೧೯೮೨ರಿಂದ ಸಿಪಾನಿಯವರು ಮಾಡಿದ ಡಾಲ್ಫಿನ್ ಎಂಬ ಪುಟ್ಟ ಕಾರು ರ‍್ಯಾಲಿ ಓಟಗಾರರಿಗೆ ಅಚ್ಚುಮೆಚ್ಚಾಗಿತ್ತು. ಅದರ ಮೈ ಫೈಬರ್ ಗಾಜಿನದು. ತುಕ್ಕು ಹಿಡಿಯುವ ಮಾತೇ ಇಲ್ಲ. ಆದರೆ ಆ ಮೈಯನ್ನು ಹೊತ್ತ ಚಾಸಿ ಉಕ್ಕಿನದೇ. ಮೇಲೆ ನೋಡಿದರೆ ಹೊಸದು, ಕೆಳಗೆ ನೋಡಿದರೆ ಹುಡಿ, ಹೀಗೂ ಆಗಬಹುದು. "ಮೇಲೆ ಥಳಕು, ಒಳಗೆ ಹುಳುಕು" ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಹೆರಾಲ್ಡ್, ಡಾಲ್ಫಿನ್, ಜೀಪುಗಳಿಗೆ ಬಂಡಿಯ ಚೌಕಟ್ಟಿನಂತೆ ಪ್ರತ್ಯೇಕ ಚಾಸಿಯುಂಟು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಹಾಗಲ್ಲ. ಅವುಗಳಲ್ಲಿ ನೆಲದ ತಗಡೇ ಬೆನ್ನೆಲುಬು. ಆ ತಗಡು ಜೀರ್ಣವಾದರೆ ಗಾಡಿಯೇ ನಡು ಮುರಿದಂತೆ. ಬಾಗಿಲು ಸರಿಯಾಗಿ ಕೂಡದೆ ಜೋತುಬಿದ್ದಿದ್ದರೆ ತಪ್ಪು ಯಾವಾಗಲೂ ಕೀಲಿನದೇ ಎಂದು ತಿಳಿಯಬೇಡಿ, ತಳವನ್ನು ನೋಡಿ.

ಇನ್ನು ಹಿಂದಿನ ಅಚ್ಚಿಗೆ ಬರೋಣ. ಎತ್ತಿನ ಬಂಡಿಯ ಅಚ್ಚು, ಗುಂಬ, ಕಡಾಣಿಗಳನ್ನು ಕಂಡವರಿಗೆ ಇದೇನೂ ಕಷ್ಟವಲ್ಲ. ಬಂಡಿಯ ಅಚ್ಚು ತಿರುಗುವುದಿಲ್ಲ, ಚಕ್ರ ಮಾತ್ರ ತಿರುಗುತ್ತದೆ. ಮೋಟಾರಿನ ಹಿಂದಿನ ಅಚ್ಚಿನಲ್ಲಿ ಒಳಗಿನ ಶಾಫ್ಟು ತಿರುಗಿ ಚಕ್ರವನ್ನು ತಿರುಗಿಸುತ್ತದೆ. ನಡುವಿನ ಗುಂಡನೆಯ ಹೌಸಿಂಗಿನಲ್ಲಿರುವ ಹಲ್ಲುಚಕ್ರಗಳು ಎಂಜಿನ್ನಿನ ಬಲವನ್ನು ಎರಡು ಕಡೆಗೆ ಹಂಚುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಸುತ್ತಲು ಎಡೆಮಾಡಿಕೊಡುತ್ತವೆ. ಬಂಡಿಗೆ ಕೀಲೆಣ್ಣೆ ಹೇಗೋ ಇದಕ್ಕೆ ಗೇರ್ ಆಯಿಲ್ ಹಾಗೆ. ಹೆರಾಲ್ಡಿನಲ್ಲಿ ಮಾತ್ರ ನಡುವಿನ ಹೌಸಿಂಗು ಚಾಸಿಗೆ ಬಿಗಿಯಾಗಿದ್ದು, ಎರಡು ಕಡೆಯ ಅರೆ ಅಚ್ಚುಗಳು ಹಕ್ಕಿಯ ರೆಕ್ಕೆಯಂತೆ ಮೇಲೆ ಕೆಳಗೆ ಆಡುತ್ತವೆ. ಮುಂದೆ ಬಂದ ಗೆಜೆಲ್ ಕಾರಿಗೆ ಆ ಕಂಪನಿಯವರು ಇಡೀ ಅಚ್ಚನ್ನೇ ಹಾಕಿದರು.

ಕೆಲಸಕ್ಕೆ ತೊಡಗುವವರಿಗೆ ಮೊದಲನೆಯ ಮಾತು: ಜಾಕಿಯನ್ನು ನಂಬಿ ಗಾಡಿಯ ಕೆಳಗೆ ನುಸುಳಬೇಡಿ. ಜಾಕಿ ಎತ್ತುವುದಕ್ಕೇ ಹೊರತು ಹಿಡಿದು ನಿಲ್ಲಿಸುವುದಕ್ಕಲ್ಲ. ಗಟ್ಟಿ ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳನ್ನು ಇಟ್ಟು, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಟ್ಟಿಗೆಯ ಒತ್ತು ಕೊಟ್ಟು, ಅನಂತರ ಕೆಳಗೆ ಹೋಗಬೇಕು. ಇಟ್ಟಿಗೆ, ಟೊಳ್ಳು ಸಿಮೆಂಟು ಕಲ್ಲುಗಳು ಕೂಡದು. ಅವು ಹೇಳದೆ ಕೇಳದೆ ಒಡೆಯುತ್ತವೆ. ವೆಲ್ಡಿಂಗ್ ಮಾಡುವುದಿದ್ದರೆ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರ ಇಡಬೇಕು. ಖಾಲಿ ಟ್ಯಾಂಕು ನಿರಪಾಯ ಎಂದು ಬಗೆಯಬಾರದು; ಅದರೊಳಗೆ ಉಳಿದ ಆವಿಯೇ ಸಿಡಿಮದ್ದು.

ಎರಡನೆಯದು ತೊಳೆಯುವುದು, ತಟ್ಟುವುದು. ಎಲ್ಲ ಮಣ್ಣನ್ನೂ ತೊಳೆದು ಒಣಗಿಸಿ, ಸಣ್ಣ ಸುತ್ತಿಗೆಯಿಂದಾಗಲಿ ಸ್ಕ್ರೂಡ್ರೈವರಿನ ಹಿಡಿಕೆಯಿಂದಾಗಲಿ ತಟ್ಟುತ್ತ ಹೋಗಬೇಕು. ಗಟ್ಟಿ ಲೋಹ ಗಂಟೆಯಂತೆ ದನಿಗೊಡುತ್ತದೆ. ಸತ್ತ ಲೋಹ ಒಡೆದ ಗಡಿಗೆಯಂತೆ ಮೊದ್ದಾಗಿ ಸದ್ದು ಮಾಡುತ್ತದೆ. ಅಂಥ ಕಡೆ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ಸ್ಪ್ರಿಂಗಿನ ಪಾಟಾಗಳು ಚಾಸಿಗೆ ಕೂಡುವ ಜಾಗ, ಶಾಕ್ ಅಬ್ಸಾರ್ಬರಿನ ಮೇಲಿನ ತುದಿ, ಸೀಟಿನ ಪಟ್ಟಿಗಳನ್ನು ಬಿಗಿದ ಜಾಗ, ಇಷ್ಟನ್ನು ಎರಡು ಸಲ ತಟ್ಟಿ ನೋಡಬೇಕು.

ಮೂರನೆಯದು ಬಿಚ್ಚುವುದು. ತುಕ್ಕು ಹಿಡಿದ ಬೋಲ್ಟಿನೊಡನೆ ಬಲಪ್ರಯೋಗ ಮಾಡಿದರೆ ಅದು ಮುರಿದು ಒಳಗೇ ಉಳಿಯುತ್ತದೆ. ಹಿಂದಿನ ರಾತ್ರಿಯೇ ತೆಳುವಾದ ತುಕ್ಕೆಣ್ಣೆ ಬಿಟ್ಟು, ಬೆಳಿಗ್ಗೆ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸಬೇಕು. ಹೆರಾಲ್ಡಿನ ಹಿಂದಿನ ಹಬ್ಬು ಮೊನಚಾದ ಶಾಫ್ಟಿನ ಮೇಲೆ ಬಿಗಿದು ಕುಳಿತಿರುತ್ತದೆ. ಅದನ್ನು ಸರಿಯಾದ ಪುಲ್ಲರಿನಿಂದ ಎಳೆಯಬೇಕಲ್ಲದೆ ಸುತ್ತಿಗೆಯಿಂದ ಹೊಡೆದರೆ ಅಂಚು ಸೊಟ್ಟಗಾಗುತ್ತದೆ. ಬ್ರೇಕ್ ಡ್ರಮ್ಮು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಕೊಳವೆಯಿಂದಾಗಲಿ ಊದಬೇಡಿ. ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷಗಳ ಮೇಲೆ ಕೂಡ ಕೇಡು ಮಾಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಹಳೆಯ ಚಾಸಿಗೆ ಕಿತ್ತಳೆ ಬಣ್ಣದ ಸಿಂಧೂರ ಬಳಿದಿದ್ದರೂ ಇದೇ ಎಚ್ಚರ ಬೇಕು. ಅದು ಸೀಸದ ವಿಷ, ಒಣಗಿಯೇ ಉಜ್ಜಬಾರದು.

ನಾಲ್ಕನೆಯದು ದುರಸ್ತಿ. ಮೇಲಿನ ತುಕ್ಕು ಮಾತ್ರವಿದ್ದರೆ ತಂತಿಯ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿದರೆ ಸಾಕು. ಕುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ಲೇಪವುಂಟು. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ತೂತು ಬಿದ್ದಿದ್ದರೆ ಸತ್ತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯಬೇಕು. ತೂತಿನ ಮೇಲೆ ತಗಡು ಹೊದಿಸಿ ಪುಟ್ಟಿ ಮೆತ್ತುವುದು ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದಂತೆ. ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬಿಗಿದು ಗಾಡಿ ಸೊಟ್ಟಗಾಗದಂತೆ ನೋಡಿಕೊಳ್ಳಬೇಕು. ಅಚ್ಚಿನ ಎರಡು ತುದಿಗಳ ಆಯಿಲ್ ಸೀಲುಗಳನ್ನು ತಪ್ಪದೆ ಹೊಸದಾಗಿ ಹಾಕಬೇಕು. ಗೇರ್ ಆಯಿಲನ್ನು ತೂತಿನ ಮಟ್ಟಕ್ಕೆ ಮಾತ್ರ ತುಂಬಬೇಕು. ಹೆಚ್ಚಾದ ಎಣ್ಣೆ ಸೀಲನ್ನು ದಾಟಿ ಬ್ರೇಕಿಗೆ ಇಳಿದರೆ ಬ್ರೇಕು ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅಚ್ಚಿನ ಮೇಲೆ ಹರಿಯುವ ಪೆನ್ಸಿಲಿಗಿಂತ ತೆಳ್ಳಗಿನ ಬ್ರೇಕ್ ಕೊಳವೆ. ಆ ಕಾಲದ ಎಷ್ಟೋ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಜಾಡಿನ ಬ್ರೇಕ್ ಎಣ್ಣೆ. ಹಿಂದಿನ ಕೊಳವೆ ತುಕ್ಕು ತಿಂದು ಒಡೆದರೆ ಮುಂದಿನ ಬ್ರೇಕುಗಳೂ ಹೋದಂತೆಯೇ; ಕೈಬ್ರೇಕೊಂದೇ ಗತಿ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ಕೊಳವೆ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಹಳೆಯ ಗಾಡಿಯಲ್ಲಿ ಅದನ್ನು ಪರೀಕ್ಷಿಸುತ್ತ ಕೂಡದೆ ತಾಮ್ರ-ನಿಕ್ಕಲ್ ಮಿಶ್ರಲೋಹದ ಹೊಸ ಕೊಳವೆ ಹಾಕಿಸಿ, ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವುದೇ ವಿವೇಕ.

ಕೊನೆಯದು ಬಣ್ಣ. ಉಜ್ಜಿದ ಲೋಹವನ್ನು ನಾಳೆಗೆ ಬಿಡಬಾರದು. ಅದೇ ದಿನ ಪ್ರೈಮರ್ ಬಳಿಯಬೇಕು. ರೆಡ್ ಆಕ್ಸೈಡ್ ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ಅದೊಂದೇ ನೀರನ್ನು ತಡೆಯದು; ಮೇಲೆ ಗಟ್ಟಿ ಬಣ್ಣ ಬೇಕೇ ಬೇಕು. ಸತುವು ಹೆಚ್ಚಿರುವ ಪ್ರೈಮರ್ ಇನ್ನೂ ಉತ್ತಮ. ತಾನು ಸವೆದು ಕಬ್ಬಿಣವನ್ನು ಉಳಿಸುವುದು ಸತುವಿನ ಗುಣ. ಸುಟ್ಟ ಎಂಜಿನ್ ಆಯಿಲನ್ನು ತಳಕ್ಕೆಲ್ಲ ಬಳಿಯುವುದು ಹಳೆಯ ರೂಢಿ. ಅದು ಸ್ವಲ್ಪ ಕಾಲ ನೀರನ್ನು ತಡೆಯುವುದೇನೋ ನಿಜ. ಆದರೆ ಧೂಳನ್ನು ಹಿಡಿದು ಮೆತ್ತೆ ಕಟ್ಟುತ್ತದೆ, ರಬ್ಬರನ್ನು ಉಬ್ಬಿಸುತ್ತದೆ, ಮೈಗೆ ಹತ್ತಿದರೆ ಚರ್ಮಕ್ಕೂ ಒಳ್ಳೆಯದಲ್ಲ. ಮಾರುವವರು ತಳಕ್ಕೆ ಹೊಸದಾಗಿ ದಪ್ಪ ಕಪ್ಪು ಡಾಂಬರು ಬಳಿದಿದ್ದರಂತೂ ಅದರಡಿ ಏನಿದೆಯೆಂದು ಕೆರೆದು ನೋಡದೆ ಹಣ ಎಣಿಸಬೇಡಿ.

ಖರ್ಚಿನ ಮಾತು ಬಂದಾಗ ಗ್ಯಾರೇಜುಗಳಲ್ಲಿ ನಡೆಯುವ ಸಂಭಾಷಣೆ ಎಲ್ಲೆಡೆಯೂ ಒಂದೇ. "ಉಸ್ತಾದ್, ತಳದ ಗೊಡವಿ ಬ್ಯಾಡ, ಮ್ಯಾಲೆ ಚಲೋ ಬಣ್ಣ ಹೊಡದಕೊಡ್ರಿ" ಎನ್ನುತ್ತಾರೆ ಸಾಹುಕಾರರು. "ಸಾಹುಕಾರ್ರ, ಮಂದಿ ಕೂಡೋದು ಬಣ್ಣದ ಮ್ಯಾಲಲ್ರೀ, ತಳದ ಮ್ಯಾಲ" ಎನ್ನುತ್ತಾನೆ ಬಲ್ಲ ಮೇಸ್ತ್ರಿ. ಆ ಗಾಡಿಯಲ್ಲಿ ಹುಲಿಗಿಗೆ, ಅಂಜನಾದ್ರಿಗೆ, ಗವಿಮಠದ ಜಾತ್ರೆಗೆ ಹೋಗುವವರು ನಮ್ಮ ಮನೆಯ ಮಕ್ಕಳು ಮರಿಗಳೇ. ಹಣ ಸಾಲದಿದ್ದರೆ ಈ ವರ್ಷ ತಳ, ಬರುವ ವರ್ಷ ಬಣ್ಣ ಎಂದಿಟ್ಟುಕೊಳ್ಳಿ.

ಕಾನೂನಿನ ವಿಚಾರವೂ ತಿಳಿದಿರಲಿ. ಸ್ವಂತ ಕಾರಿನ ನೋಂದಣಿ ೧೫ ವರ್ಷಕ್ಕೆ. ಅನಂತರ ಗಾಡಿಯನ್ನು ಪರೀಕ್ಷೆಗೆ ಒಡ್ಡಿ ೫ ವರ್ಷಕ್ಕೊಮ್ಮೆ ನವೀಕರಿಸಬೇಕು. ೫೦ ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಗಾಡಿಗಳನ್ನು ಪಾರಂಪರಿಕ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮ ೨೦೨೧ರಲ್ಲಿ ಬಂದಿದೆ. ಅಂಥವನ್ನು ಪ್ರದರ್ಶನ, ಮೆರವಣಿಗೆಗಳಿಗೆ ತೆಗೆಯಬಹುದೇ ಹೊರತು ದಿನದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅಲ್ಲ. ಅಂಥ ಹಳೆಯ ಗಾಡಿಗಳ ದೊಡ್ಡ ಸಂಗ್ರಹವನ್ನು ಧರ್ಮಸ್ಥಳದ ಮಂಜೂಷಾದಲ್ಲಿ ನೋಡಬಹುದು. ಹೋದಾಗ ಮೇಲಿನ ಹೊಳಪನ್ನು ಮೆಚ್ಚುವುದರ ಜೊತೆಗೆ ಸ್ವಲ್ಪ ಬಗ್ಗಿ ಕೆಳಗೂ ಕಣ್ಣು ಹಾಯಿಸಿ.

ಖಂಡೇನವಮಿಯ ದಿನ ನಾವು ಗಾಡಿಯನ್ನು ತೊಳೆದು, ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಡುತ್ತೇವೆ. ಮಳೆಗಾಲದ ರಾಡಿಯೆಲ್ಲ ಅಡಿಯಲ್ಲಿ ಕೂತಿರುವುದೂ ಆ ಹೊತ್ತಿಗೇ. ಹಬ್ಬದ ಮುನ್ನಾದಿನ ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಒಂದು ಗಂಟೆ ತಳವನ್ನು ತೊಳೆಸಿ, ಅಚ್ಚನ್ನೂ ಬ್ರೇಕ್ ಕೊಳವೆಯನ್ನೂ ಕಣ್ಣಾರೆ ನೋಡಿ. ಪೂಜೆಯ ಹೂವು ಮರುದಿನ ಬಾಡುತ್ತದೆ. ಆ ಒಂದು ಗಂಟೆಯ ಕೆಲಸ ಬರುವ ನವಮಿಯವರೆಗೆ ನಿಮ್ಮನ್ನು ಕಾಯುತ್ತದೆ.