ಅನ್ನಕ್ಕಾಗಿ ಮತ ಬಿಟ್ಟರೇ?



ನಮ್ಮ ಧರ್ಮಪುರಿ, ಡೆಂಕಣಿಕೋಟೆ, ಹೊಸೂರು ಕಡೆಯ ಹಳೆಯ ಮನೆಗಳ ಮೇಲೆ ಮಂಗಳೂರು ಹೆಂಚನ್ನು ನೀವು ನೋಡಿಯೇ ಇರುತ್ತೀರಿ. ತಮಿಳಿನಲ್ಲಿ ಮಾತಾಡುವಾಗ ನಾವೇ ಅದನ್ನು 'ಮಂಗಳೂರು ಓಡು' ಎನ್ನುತ್ತೇವೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಅಲ್ಲಿ ಮಣ್ಣು ತುಳಿದವರು, ಹೆಂಚು ಒತ್ತಿದವರು ಬಹುಪಾಲು ಹೊಸದಾಗಿ ಕ್ರೈಸ್ತರಾದವರು. ಇವರನ್ನು ಕುರಿತು ಅಂದಿನಿಂದ ಇಂದಿನವರೆಗೆ ಒಂದು ಮಾತು ನಡೆದು ಬಂದಿದೆ: "ಅನ್ನಕ್ಕಾಗಿ ಮತ ಬಿಟ್ಟರು." ನಿಮ್ಮ ಊರಿನಲ್ಲೂ ಯಾರದೋ ಮುತ್ತಜ್ಜನ ಬಗ್ಗೆ ಈ ಮಾತು ಕೇಳಿರಬಹುದು. ಇವತ್ತು ಈ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

ಮಂಗಳೂರಿನ ಆನಂದರಾಯ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣರ ಮನೆತನದವರು. ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಓದಿದರು. 1844ರ ಜನವರಿಯಲ್ಲಿ ಇನ್ನಿಬ್ಬರು ಸಾರಸ್ವತ ತರುಣರೊಂದಿಗೆ ಬಾಪ್ತಿಸ್ಮ ಪಡೆದು ಹರ್ಮನ್ ಕೌಂಡಿನ್ಯ ಎನಿಸಿಕೊಂಡರು. ಹರ್ಮನ್ ಎಂಬುದು ಅವರ ಗುರು ಮ್ಯೋಗ್ಲಿಂಗ್ ಅವರ ಹೆಸರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡದ ಮೊದಲ ಪತ್ರಿಕೆ ನಡೆಸಿದವರು ಅವರೇ. ಆಗ ಕೌಂಡಿನ್ಯರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಮದುವೆಯಾಗಿತ್ತು. ಹೆಂಡತಿ ಅವರ ಬಳಿಗೆ ಬರಲಿಲ್ಲ. ಮನೆ, ಮಡಿ, ಜಾತಿಯ ಪಂಕ್ತಿ ಎಲ್ಲವೂ ಒಂದೇ ದಿನ ಮುಚ್ಚಿಹೋದವು. ಉಣ್ಣಲು ಇದ್ದವರು ಎಲೆ ಬಿಟ್ಟು ಎದ್ದರು. ಇದನ್ನು ಅನ್ನಕ್ಕಾಗಿ ಎಂದು ಹೇಗೆ ಹೇಳುತ್ತೀರಿ?

ಆಸ್ತಿಯ ಮಾತೂ ಇದೆ. ಮತ ಬಿಟ್ಟವನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಎಂಬುದು ಆಗಿನ ರೂಢಿ. 1850ರ 21ನೆಯ ಕಾಯಿದೆ ಬಂದ ಮೇಲೆಯೇ ಆ ಹಕ್ಕು ಉಳಿಯುವ ಹಾಗಾಯಿತು. ಆಗ ದಕ್ಷಿಣ ಕನ್ನಡವೂ ನಮ್ಮ ಸೇಲಂ ಜಿಲ್ಲೆಯೂ ಒಂದೇ ಮದರಾಸು ಆಧಿಪತ್ಯದಲ್ಲಿದ್ದವು. ಧರ್ಮಪುರಿ ಜಿಲ್ಲೆ ಬೇರೆಯಾದದ್ದು 1965ರಲ್ಲಿ.

ಕೌಂಡಿನ್ಯರಿಗೇನೋ ಓದಿತ್ತು. 1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿಗೆ ಹೋಗಿ, 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದರು. ಓದಿಲ್ಲದವನ ಗತಿ ಏನು? ಗೇಣಿಯ ಗದ್ದೆ ಹೋಯಿತು, ಕುಲಕಸುಬಿನ ಗಿರಾಕಿ ಹೋದ, ಊರಿನ ಬಾವಿಯ ನೀರೂ ಹೋಯಿತು. ಸೇಲಂನ ದೇವಾಂಗ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮಗ್ಗವೂ ಚೌಡೇಶ್ವರಿಯೂ ಕುಲವೂ ಒಂದೇ ಹಗ್ಗದ ಮೂರು ಎಳೆ. ಒಂದನ್ನು ಎಳೆದರೆ ಉಳಿದೆರಡೂ ಬಿಚ್ಚಿಕೊಳ್ಳುತ್ತವೆ.

ಮಿಷನ್ನಿನವರಿಗೆ ಕೈಗಾರಿಕೆ ಬೇಕಾದದ್ದು ಇಲ್ಲಿಯೇ. 1851ರಲ್ಲಿ ಬಂದ ಹಾಲ್ಲರ್ ಎಂಬ ನೇಯ್ಗೆ ಬಲ್ಲವರು ಮಂಗಳೂರಿನಲ್ಲಿ ಯೂರೋಪಿನ ಮಾದರಿಯ ಮಗ್ಗಗಳನ್ನು ಹೂಡಿದರು. ಖಾಕಿ ಬಣ್ಣ ಅವರದೇ ಎಂದು ಮಂಗಳೂರಿನವರು ಹೇಳುತ್ತಾರೆ. ಬೇರೆಯವರೂ ಆ ಹಕ್ಕು ಕೇಳುತ್ತಾರೆ, ಇರಲಿ. ನಮ್ಮ ಸೇಲಂನಲ್ಲಿಯೂ 1827ರಿಂದ ಲಂಡನ್ ಮಿಷನ್ ಇತ್ತು. ಅಲ್ಲಿಯ ಲೆಕ್ಲರ್ ಪಾದ್ರಿಗಳೂ ಕೈಕಸುಬಿನ ಶಾಲೆ ನಡೆಸಿದರು. ಮನೆಯ ಮಗ್ಗದ ಮುಂದೆ ಕೂತವನು ತನ್ನ ಹೊತ್ತಿಗೆ ಏಳುತ್ತಾನೆ. ಕಾರ್ಖಾನೆಯ ಮಗ್ಗಕ್ಕೆ ಗಂಟೆ ಇದೆ, ಮೇಸ್ತ್ರಿ ಇದ್ದಾನೆ. ಕೂಲಿ ಕೊಡುವ ಕೈಯೂ ಪ್ರಾರ್ಥನೆಗೆ ಕರೆಯುವ ಕೈಯೂ ಒಂದೇ ಆದಾಗ ಆಳಿನ ಬಾಯಿ ಕಟ್ಟಿದಂತೆಯೇ. ಇದನ್ನು ನಾನು ಮುಚ್ಚಿಡುವುದಿಲ್ಲ. ಅನ್ನದ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅನ್ನ ಮೊದಲು ಹೋಯಿತು, ಕೂಲಿ ಆಮೇಲೆ ಬಂತು. ಆಡಿಕೊಳ್ಳುವವರು ಇದನ್ನು ತಿರುವುಮುರುವು ಮಾಡುತ್ತಾರೆ.

ಇದು ನಮ್ಮ ನಾಡಿನ ಕಥೆ ಮಾತ್ರವೆಂದು ತಿಳಿಯಬೇಡಿ. ಇಂಗ್ಲೆಂಡಿನ ಪ್ರೆಸ್ಟನ್ ಹತ್ತಿಗಿರಣಿಗಳ ಊರು. 1837ರ ಜುಲೈನಲ್ಲಿ ಅಮೆರಿಕದಿಂದ ಮಾರ್ಮನ್ ಪಂಥದ ಬೋಧಕರು ಅಲ್ಲಿಗೆ ಬಂದರು. ಅದೇ ತಿಂಗಳ 30ರಂದು ರಿಬ್ಬಲ್ ನದಿಯಲ್ಲಿ ಒಂಬತ್ತು ಮಂದಿ ಮುಳುಗಿ ಎದ್ದರು. ಮುಂದೆ ಸಾವಿರಾರು ಮಂದಿ ಸೇರಿದರು. ಅವರಲ್ಲಿ ಗಿರಣಿಯ ಕೂಲಿಗಳು, ಸಣ್ಣ ಕಸುಬಿನವರೇ ಹೆಚ್ಚು. 1840ರ ಜೂನ್‌ನಲ್ಲಿ 41 ಮಂದಿಯ ಮೊದಲ ತಂಡ ಲಿವರ್‌ಪೂಲಿನಲ್ಲಿ 'ಬ್ರಿಟಾನಿಯಾ' ಹಡಗು ಹತ್ತಿತು. ಅವರು ಕ್ರೈಸ್ತರ ನಡುವೆಯೇ ಹುಟ್ಟಿದವರು, ಪಂಥ ಬದಲಿಸಿದರು ಅಷ್ಟೆ. ಆದರೂ ನೆಂಟರು ದೂರವಾದರು, ನೆರೆಯವರು ಹಳಿದರು. ಪ್ರಯಾಣದ ಹಣಕ್ಕೆಂದು 1849ರಲ್ಲಿ ಪಂಥದವರು ಒಂದು ನಿಧಿ ಮಾಡಿದರು. ಅದು ದಾನವಲ್ಲ, ದುಡಿದು ತೀರಿಸಬೇಕಾದ ಸಾಲ. ಕೆಲವರು 1856ರಲ್ಲಿ ಕೈಗಾಡಿ ತಳ್ಳಿಕೊಂಡು ಬಯಲು ದಾಟುತ್ತ ಹಿಮದಲ್ಲಿ ಸತ್ತರು. ಹೊಟ್ಟೆಪಾಡು ಮಾತ್ರವೇ ಆಗಿದ್ದರೆ ಅಷ್ಟು ದೂರ ನಡೆಯುತ್ತಿದ್ದರೇ? ದೇವರು ಮಾತ್ರವೇ ಆಗಿದ್ದರೆ ಗಿರಣಿಯ ಹೊಗೆಯಿಂದ ಬಿಡುಗಡೆಯ ಆಸೆ ಅವರಿಗೆ ಇರಲಿಲ್ಲವೇ? ಎರಡೂ ಇತ್ತು. ಮನುಷ್ಯನ ಮನಸ್ಸು ಹಾಸು ಹೊಕ್ಕು ಎರಡೂ ಸೇರಿದ ಬಟ್ಟೆ.

ಮತ್ತೆ ಮಂಗಳೂರಿಗೆ ಬರೋಣ. ಕೌಂಡಿನ್ಯರು 1860ರಲ್ಲಿ ಮರೀ ಎಂಬ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಮೊದಲ ಹೆಂಡತಿ ಲಕ್ಷ್ಮಿಯ ಪಾಲಿಗೆ ಏನು ಉಳಿಯಿತು ಎಂದು ಯೋಚಿಸಿದರೆ ನನ್ನ ಮನಸ್ಸು ಭಾರವಾಗುತ್ತದೆ. ಮತ ಬಿಟ್ಟವರ ಚರಿತ್ರೆ ಬರೆಯುವವರಿದ್ದಾರೆ. ಮನೆಯಲ್ಲಿ ಉಳಿದವಳ ಚರಿತ್ರೆ ಬರೆಯುವವರು ಕಡಿಮೆ.

ಕೊಡಗಿನಲ್ಲಿ ಜೀತಕ್ಕಿದ್ದ ದಲಿತ ಕುಟುಂಬಗಳು ಕ್ರೈಸ್ತರಾದಾಗ ಒಡೆಯರ ನೆಲ ಬಿಟ್ಟು ನಿಲ್ಲಲು ಜಾಗ ಬೇಕಾಯಿತು. ಮ್ಯೋಗ್ಲಿಂಗ್ ಮತ್ತು ಕೌಂಡಿನ್ಯರು ಅವರಿಗಾಗಿ ಅಲ್ಲಿ ಒಂದು ಊರು ಕಟ್ಟಲು ಕೈಹಾಕಿದರು. ಕೌಂಡಿನ್ಯರು ತಮ್ಮ ಸ್ವಂತ ಹಣವನ್ನೂ ಅದಕ್ಕೆ ಹಾಕಿದರು. ಮಂಗಳೂರಿನಲ್ಲಿ ಉಪದೇಶಿಗಳಾಗುವವರಿಗೆ ಪಾಠ ಹೇಳುತ್ತ ಬಾಳಿ, 1893ರಲ್ಲಿ ತೀರಿಕೊಂಡರು.

ಕೊಡಗಿನ ಆ ಊರಿನ ಹೆಸರು ಆನಂದಪುರ. ಹರ್ಮನ್ ಆಗುವ ಮುಂಚೆ ಅವರ ಮನೆಯವರು ಅವರನ್ನು ಕೂಗುತ್ತಿದ್ದ ಹೆಸರು ಆನಂದ.