ಕಲ್ಲು ಹೊತ್ತವರಿಗೆ ಮೆಟ್ಟಿಲೆಲ್ಲಿ?



ಶಿಲ್ಪ, ಕಟ್ಟಡ, ಪ್ರತಿಮೆ ಅಂದರೆ ಹೊಟ್ಟೆ ತುಂಬಿದವರ ಮಾತು ಅಂತ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಊರು ಎಲ್ಲಿ, ಕೇರಿ ಎಲ್ಲಿ, ಬಾವಿ ಯಾರ ಬೀದೀಲಿ, ಇದನ್ನೆಲ್ಲ ಯಾರೋ ಯೋಚನೆ ಮಾಡಿಯೇ ಇಟ್ಟಿದ್ದಾರೆ. ಎಲ್ಲಿ ನಿಲ್ಲಬೇಕು ಅನ್ನೋದು ನಮ್ಮ ಕಾಲಿಗೇ ಗೊತ್ತು.

ಮಹಾಡಿನ ಚವದಾರ್ ಕೆರೆ ಎಲ್ಲರದೂ ಅಂತ ಅಲ್ಲಿನ ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ಕಾಗದದ ಮೇಲೆ ಕೆರೆ ನಮ್ಮದೇ. ಆದರೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ನೀರಿಗಿಳಿದು ಬೊಗಸೆಯಲ್ಲಿ ಕುಡಿಯೋ ತನಕ ನಮ್ಮವರ ಕೈ ಆ ನೀರನ್ನು ಮುಟ್ಟೋ ಹಾಗಿರಲಿಲ್ಲ. ಸಾರ್ವಜನಿಕ ಅನ್ನೋ ಮಾತಿಗೆ ನಾವು ಕಲಿತ ಅರ್ಥ ಇದು: ಬೋರ್ಡು ಹಾಕಿದರೆ ಸಾಲದು, ಇಳಿಯೋಕಾಗಬೇಕು, ಮುಟ್ಟೋಕಾಗಬೇಕು.

ಈ ಅಳತೆಗೋಲು ಹಿಡಿದು ನಮ್ಮ ವಿಧಾನಸೌಧವನ್ನು ನೋಡೋಣ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1956ರಲ್ಲಿ ಕಟ್ಟಡ ಮುಗಿಯಿತು. ಕೆಂಗಲ್ ಹನುಮಂತಯ್ಯನವರು ಅದಕ್ಕೆ ದೇವಾಲಯದ ಕಂಬ, ಗೋಪುರಗಳ ರೂಪ ಕೊಡಿಸಿದರು. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಮುಂದೆಯೇ ಬರೆಸಿದರು. ಬ್ರಿಟಿಷರ ಕಾಲದ ಅಠಾರ ಕಚೇರಿಯ ಎದುರಿಗೆ ನಮ್ಮ ನಾಡಿನ ಕಲ್ಲು ತಲೆ ಎತ್ತಲಿ ಅನ್ನೋ ಅಭಿಮಾನ ಅದರಲ್ಲಿದೆ. ಅದನ್ನು ನಾವು ಹಗುರ ಮಾಡೋದಿಲ್ಲ. ಆದರೆ ಗೋಪುರ ಕಂಡರೆ ನಮ್ಮ ಹಿರಿಯರಿಗೆ ನೆನಪಾಗೋದು ಶಿಲ್ಪಕಲೆ ಅಲ್ಲ, ದಾಟಬಾರದ ಹೊಸಿಲು. ಪ್ರಜೆಗಳ ಮನೆಗೆ ಅದೇ ಆಕಾರ ಯಾಕೆ ಬೇಕಿತ್ತು ಅಂತ ನಾವು ಕೇಳಬೇಕಲ್ಲವೇ?

ಇನ್ನೊಂದು ಮಾತು. ಆ ಸೌಧ ಕಟ್ಟಲು ದುಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಮುಖ್ಯಮಂತ್ರಿಯ ಹೆಸರು ಎಲ್ಲರಿಗೂ ಗೊತ್ತು. ಕಲ್ಲು ಹೊತ್ತವನ ಹೆಸರು ಯಾರಿಗೆ ಗೊತ್ತು? ಈಗ ಸುತ್ತ ಕಬ್ಬಿಣದ ಬೇಲಿ. 2021ರ ಪೊಲೀಸ್ ಆದೇಶ ಬೆಂಗಳೂರಿನ ಧರಣಿ, ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತ ಮಾಡಿತು. ಫ್ರೀಡಂ ಪಾರ್ಕ್ ಅಂದರೆ ಯಾವುದು? ಹಳೇ ಸೆಂಟ್ರಲ್ ಜೈಲು. ಕೈದಿ ಬಂದು ಸೌಧ ಕಟ್ಟಿದ, ಪ್ರಜೆ ಹೋಗಿ ಜೈಲಿನ ಅಂಗಳದಲ್ಲಿ ಕೂಗಬೇಕು!

ಸೌಧದ ಮುಂದೆ ಬಾಬಾಸಾಹೇಬರ ಪ್ರತಿಮೆ ನಿಂತಿದೆ. ನಮಗೆ ಅದು ದೊಡ್ಡದು. ಸರ್ಕಲ್ಲಿನಲ್ಲಿ ನಮ್ಮವನೊಬ್ಬ ಕೋಟು ತೊಟ್ಟು, ಪುಸ್ತಕ ಹಿಡಿದು ತಲೆ ಎತ್ತಿ ನಿಲ್ಲೋದನ್ನು ಸಹಿಸದವರು ಇನ್ನೂ ಇದ್ದಾರೆ. 1997ರ ಜುಲೈ 11ರಂದು ಮುಂಬೈನ ರಮಾಬಾಯಿ ನಗರದಲ್ಲಿ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದನ್ನು ಕೇಳಿದ್ದಕ್ಕೆ ಪೊಲೀಸರ ಗುಂಡಿಗೆ ಹತ್ತು ಜನ ಸತ್ತರು. ತಮಿಳುನಾಡಿನ ಎಷ್ಟೋ ಊರುಗಳಲ್ಲಿ ಬಾಬಾಸಾಹೇಬರು ಕಬ್ಬಿಣದ ಪಂಜರದೊಳಗೆ ನಿಂತಿದ್ದಾರೆ.

ಹೈದರಾಬಾದಿನಲ್ಲಿ 2023ರಲ್ಲಿ 125 ಅಡಿ ಪ್ರತಿಮೆ ಎದ್ದಿತು. ಸಂತೋಷವೇ. ಆದರೆ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೇ ಎಚ್ಚರಿಸಿದ್ದರು, ರಾಜಕೀಯದಲ್ಲಿ ಭಕ್ತಿ ಅಧಃಪತನದ ದಾರಿ ಅಂತ. ಎತ್ತರ ಜಾಸ್ತಿಯಾದಷ್ಟೂ ಕತ್ತು ಎತ್ತಿ ನೋಡೋದಷ್ಟೇ ನಮ್ಮ ಪಾಲಿಗಾದರೆ, ಅದೂ ಇನ್ನೊಂದು ಗುಡಿಯೇ ಆದೀತು.

ಆದ್ದರಿಂದ ನಿಮ್ಮೂರಲ್ಲಿ ಪ್ರತಿಮೆ ಇಡುವಾಗ ಅಡಿ ಲೆಕ್ಕಕ್ಕೆ ಮೊದಲು ಇಷ್ಟು ಕೇಳಿ. ಕೆಳಗೆ ಕೂರೋಕೆ ಕಟ್ಟೆ ಇದೆಯೇ? ನೆರಳಿಗೆ ಮರ ಇದೆಯೇ? ಎಲ್ಲರೂ ಕುಡಿಯೋ ನಲ್ಲಿ ಇದೆಯೇ? ನಮ್ಮ ಹೆಣ್ಣುಮಕ್ಕಳು ಸಂಜೆ ಬಂದು ಪೇಪರ್ ಓದೋಕೆ ದೀಪ ಇದೆಯೇ? ಕೆತ್ತಿದ ಶಿಲ್ಪಿಯ ಹೆಸರು, ಕಲ್ಲು ಹೊತ್ತ ಕೂಲಿಯವರ ಹೆಸರು ಪೀಠದ ಮೇಲೆ ಇದೆಯೇ? ಇವಿಷ್ಟನ್ನೂ ಮಾಡಿಸಿ, ಆಮೇಲೆ ಹಾರ ತನ್ನಿ.

ಜೈ ಭೀಮ್.