ದನಿ ಉಳಿದಿದೆ, ಹೆಸರೆಲ್ಲಿ?

(ಸಂಸ್ಕೃತಿ ಮತ್ತು ಇತಿಹಾಸ ಕುರಿತ ವಾರಾಂತ್ಯದ ಉಪನ್ಯಾಸವೊಂದರ ಬರಹ ರೂಪ)



ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಅದರಲ್ಲಿ ನಟಿಸಿದವರು ಯಾರು, ನಿರ್ದೇಶಿಸಿದವರು ಯಾರು ಎಂಬುದೆಲ್ಲ ದಾಖಲೆಯಲ್ಲಿದೆ. ಆದರೆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಹೆಸರು ಉಂಟು, ವಸ್ತು ಇಲ್ಲ. ಇಂಥ ನಷ್ಟದ ಕಥೆಗಳು ನಮಗೆ ಹೊಸವಲ್ಲ.

ನಾನಿಂದು ಹೇಳಹೊರಟಿರುವುದು ಇದಕ್ಕೆ ತದ್ವಿರುದ್ಧವಾದ ನಷ್ಟದ ಬಗ್ಗೆ. ಇಲ್ಲಿ ಸಂಗೀತ ಉಳಿದಿದೆ, ಯಾರದೋ ಮನೆಯ ಕ್ಯಾಸೆಟ್ಟಿನಲ್ಲಿ ಇಂದಿಗೂ ಕೇಳುತ್ತದೆ. ಆದರೆ ಅದು ಯಾವುದು, ಮಾಡಿದವರು ಯಾರು ಎಂದು ಹೇಳುವವರಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ‘ಪ್ರೊಗ್ರೆಸಿವ್ ಹೌಸ್’ ಎಂಬ ನೃತ್ಯ ಸಂಗೀತದಲ್ಲಿ ಇಂಥ ಅನಾಮಧೇಯ ರಚನೆಗಳು ಹೇರಳ. ಅವುಗಳ ಬೆನ್ನು ಹತ್ತಿ ಹದಿನೈದು, ಇಪ್ಪತ್ತು ವರ್ಷ ಹುಡುಕುತ್ತಿರುವವರು ಜಗತ್ತಿನ ಹಲವೆಡೆ ಇದ್ದಾರೆ. ಇದೇನು ಹುಚ್ಚು ಎಂದು ನಿಮಗೆ ಅನ್ನಿಸಬಹುದು. ಹುಚ್ಚಿನ ಹಿಂದಿರುವ ನ್ಯಾಯವನ್ನು ತಿಳಿಯಲು ಮೊದಲು ಸ್ವಲ್ಪ ಹಿನ್ನೆಲೆ ಬೇಕು.

ಬೆಸೆಯುವ ಕಲೆ

‘ಹೌಸ್’ ಹುಟ್ಟಿದ್ದು ಅಮೆರಿಕದ ಷಿಕಾಗೋ ನಗರದಲ್ಲಿ, 1980ರ ದಶಕದ ಮೊದಲ ಭಾಗದಲ್ಲಿ. ಫ್ರಾಂಕಿ ನಕಲ್ಸ್ ಎಂಬ ಡಿ.ಜೆ. ಅಲ್ಲಿನ ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ ರೆಕಾರ್ಡು ಹಾಕುತ್ತಿದ್ದ. ಆ ಕ್ಲಬ್ಬಿನ ಹೆಸರಿನ ಬಾಲವೇ ಸಂಗೀತದ ಹೆಸರಾಯಿತು ಎನ್ನುತ್ತಾರೆ. ದಶಕದ ಕೊನೆಗೆ ಅದು ಬ್ರಿಟನ್ನಿಗೆ ಬಂತು. ಅಲ್ಲಿನ ತರುಣರು ಅದನ್ನು ಹಿಗ್ಗಿಸಿದರು. ಒಂದೊಂದು ರಚನೆ ಎಂಟು, ಹತ್ತು ನಿಮಿಷ. ತಾಳ ಬದಲಾಗದು. ಅದರ ಮೇಲೆ ಒಂದೊಂದೇ ಪದರ ಸೇರುತ್ತ, ಕಳಚುತ್ತ, ಮತ್ತೆ ಸೇರುತ್ತ ಹೋಗುತ್ತದೆ. ಈ ಬಗೆಯನ್ನು ಗುರುತಿಸಿ 1992ರಲ್ಲಿ ‘ಪ್ರೊಗ್ರೆಸಿವ್ ಹೌಸ್’ ಎಂದು ಕರೆದವರು ‘ಮಿಕ್ಸ್‌ಮ್ಯಾಗ್’ ಪತ್ರಿಕೆಯ ಡಾಮ್ ಫಿಲಿಪ್ಸ್. ಇದೇ ಫಿಲಿಪ್ಸ್ ಮುಂದೆ ಬ್ರೆಜಿಲ್‌ಗೆ ಹೋಗಿ ಅಮೆಜಾನ್ ಕಾಡಿನ ವರದಿಗಾರರಾದರು. 2022ರ ಜೂನ್‌ನಲ್ಲಿ ಅಲ್ಲಿಯೇ ಕೊಲೆಯಾದರು.

ಡಿ.ಜೆ. ಹಾಡುವವನಲ್ಲ, ವಾದ್ಯ ನುಡಿಸುವವನೂ ಅಲ್ಲ. ಎರಡು ಟರ್ನ್‌ಟೇಬಲ್‌ಗಳ ಮೇಲೆ ಬೇರೆಯವರ ರೆಕಾರ್ಡುಗಳನ್ನು ಇಟ್ಟು, ಒಂದರ ಲಯಕ್ಕೆ ಇನ್ನೊಂದರ ಲಯ ಹೊಂದಿಸಿ, ಗಂಟೆಗಟ್ಟಲೆ ತುಂಡಾಗದ ಒಂದೇ ಹರಿವನ್ನು ಕಟ್ಟುವವನು. ಈ ಹರಿವಿಗೆ ‘ಸೆಟ್’ ಎಂದು ಹೆಸರು. ಕಲ್ಲಿದ್ದಲು ಗಣಿಗಳ ಸೀಮೆಯ ಮ್ಯಾನ್ಸ್‌ಫೀಲ್ಡ್ ಊರಿನಲ್ಲಿ 1992ರಲ್ಲಿ ಆರಂಭವಾದ ‘ರಿನೈಸಾನ್ಸ್’ ಕ್ಲಬ್ಬಿನಲ್ಲಿ ಸಾಷಾ ಮತ್ತು ಜಾನ್ ಡಿಗ್‌ವೀಡ್ ಈ ಕಲೆಗೆ ಹೊಸ ಎತ್ತರ ಕೊಟ್ಟರು. 1994ರಲ್ಲಿ ಇವರಿಬ್ಬರ ಮೂರು ಸಿ.ಡಿ.ಗಳ ಸಂಕಲನ ಹೊರಬಂತು. ಮುಂದೆ ನ್ಯೂಯಾರ್ಕಿನ ‘ಟ್ವೈಲೋ’ ಕ್ಲಬ್ಬಿನಲ್ಲಿ, ಅದು 2001ರಲ್ಲಿ ಬಾಗಿಲು ಹಾಕುವವರೆಗೆ, ಇವರು ತಿಂಗಳಿಗೊಮ್ಮೆ ರಾತ್ರಿಯಿಡೀ ನುಡಿಸುತ್ತಿದ್ದರು.

ಕ್ಲಬ್ಬಿಗೆ ಹೋಗಲಾಗದವರಿಗೆ ರೇಡಿಯೋ ಇತ್ತು. ಬಿ.ಬಿ.ಸಿ. ರೇಡಿಯೋ 1ರಲ್ಲಿ 1993ರ ಅಕ್ಟೋಬರ್‌ನಲ್ಲಿ ‘ಎಸೆನ್ಷಿಯಲ್ ಮಿಕ್ಸ್’ ಆರಂಭವಾಯಿತು. ವಾರಕ್ಕೊಬ್ಬ ಡಿ.ಜೆ., ಎರಡು ಗಂಟೆಯ ಸೆಟ್. ಲಕ್ಷಾಂತರ ಕೇಳುಗರಲ್ಲಿ ಕೆಲವರು ತಪ್ಪದೆ ಖಾಲಿ ಕ್ಯಾಸೆಟ್ ಹಾಕಿಕೊಂಡು ಕಾಯುತ್ತಿದ್ದರು. ಈ ಹುಡುಕಾಟದ ಮೂಲ ಸಾಮಗ್ರಿ ಇರುವುದು ಅವರ ಪೆಟ್ಟಿಗೆಗಳಲ್ಲಿ.

ಮುಚ್ಚಿಡುವ ಹಳೆಯ ಚಾಳಿ

ಬೇರೆಯವರಲ್ಲಿ ಇರುವ ರೆಕಾರ್ಡುಗಳನ್ನೇ ಹಾಕಿದರೆ ಡಿ.ಜೆ.ಗೆ ಬೆಲೆ ಎಲ್ಲಿಂದ ಬರಬೇಕು? ತನ್ನ ಬಳಿ ಮಾತ್ರ ಇರುವುದನ್ನು ಹಾಕಬೇಕು, ಅದು ಏನೆಂದು ಯಾರಿಗೂ ಹೇಳಬಾರದು. ಈ ಗುಟ್ಟಿನ ವ್ಯಾಪಾರಕ್ಕೆ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ.

1950ರ ದಶಕದ ಜಮೈಕಾದಲ್ಲಿ ಬೀದಿಯಲ್ಲಿ ಧ್ವನಿವರ್ಧಕ ಕಟ್ಟಿ ಕುಣಿಸುವ ತಂಡಗಳ ನಡುವೆ ಭಾರಿ ಪೈಪೋಟಿ. ಕಾಕ್ಸನ್ ಡಾಡ್ ಎಂಬಾತ ಅಮೆರಿಕದಿಂದ ತಂದ ರೆಕಾರ್ಡುಗಳ ಲೇಬಲ್ಲನ್ನು ಕೆರೆದು ಹಾಕುತ್ತಿದ್ದ. ವಿಲ್ಲಿಸ್ ಜಾಕ್ಸನ್‌ನ ಒಂದು ಸ್ಯಾಕ್ಸೊಫೋನ್ ರೆಕಾರ್ಡಿಗೆ ತನ್ನದೇ ಹೆಸರಿಟ್ಟು ಮೆರೆಸಿದ. ಎದುರಾಳಿ ಡ್ಯೂಕ್ ರೀಡ್ ಕೊನೆಗೂ ಅದರ ಮೂಲ ಪತ್ತೆ ಹಚ್ಚಿ ತನ್ನ ಮೇಳದಲ್ಲಿ ಹಾಕಿದಾಗ ಡಾಡ್ ದಂಗಾಗಿಹೋದ ಎಂಬ ಕಥೆಯನ್ನು ಜಮೈಕಾದಲ್ಲಿ ಇಂದಿಗೂ ಹೇಳುತ್ತಾರೆ.

1970ರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ‘ನಾರ್ದರ್ನ್ ಸೋಲ್’ ಕ್ಲಬ್ಬುಗಳಲ್ಲೂ ಇದೇ ಪಾಠ. ಮೂಲ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುವುದು ರೂಢಿಯೇ ಆಗಿತ್ತು. ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ ಒಂದು ಹಾಡು ವಿಗನ್ ಊರಿನ ಕ್ಲಬ್ಬಿನಲ್ಲಿ ಎಡ್ಡಿ ಫಾಸ್ಟರ್ ಎಂಬ ಹೆಸರಿನಲ್ಲಿ ಮೊಳಗಿತು. ಅದರ ಮೂಲ ಪ್ರತಿಗಳು ಬೆರಳೆಣಿಕೆಯಷ್ಟೇ. ಒಂದು ಪ್ರತಿ 2009ರಲ್ಲಿ 25 ಸಾವಿರ ಪೌಂಡ್‌ಗೂ ಮೀರಿ ಮಾರಾಟವಾಯಿತು. ಪ್ರೊಗ್ರೆಸಿವ್ ಹೌಸ್ ಬೇರು ಬಿಟ್ಟ ನೆಲವೂ ಇದರ ಆಸುಪಾಸಿನದೇ. ಚಾಳಿಯೂ ಜೊತೆಗೇ ಬಂತು.

ಬಿಡುಗಡೆಯಾಗದ್ದು ಏಕೆ?

ತರುಣನೊಬ್ಬ ಮನೆಯ ಕೋಣೆಯಲ್ಲಿ ಸಿಂಥೆಸೈಜರ್ ಇಟ್ಟುಕೊಂಡು ಒಂದು ರಚನೆ ಮಾಡುತ್ತಾನೆ ಎನ್ನಿ. ಅದನ್ನು ಡಿಜಿಟಲ್ ಆಡಿಯೋ ಟೇಪಿಗೆ, ಅಂದರೆ ‘ಡ್ಯಾಟ್’ಗೆ ಇಳಿಸಿ ಹೆಸರಾಂತ ಡಿ.ಜೆ.ಗೆ ಕೊಡುತ್ತಾನೆ. ಡಿ.ಜೆ. ಅದರಿಂದ ‘ಅಸಿಟೇಟ್’ ಪ್ಲೇಟು ಕೊರೆಸುತ್ತಾನೆ. ಇದು ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೆರುಗೆಣ್ಣೆ ಬಳಿದು ನೇರವಾಗಿ ಗೀರು ಕೊರೆದ ರೆಕಾರ್ಡು. ಒಂದೊಂದಾಗಿಯೇ ತಯಾರಾಗಬೇಕು. ಮೈ ಬಲು ಮೃದು, ಮುಳ್ಳು ಓಡಿದಷ್ಟೂ ಸವೆಯುತ್ತದೆ. ಹಲವು ಹತ್ತು ಸಲ ಹಾಕುವಷ್ಟರಲ್ಲಿ ಮೇಲಿನ ಸ್ವರಗಳು ಮಂಕಾಗುತ್ತವೆ. ಇದು ಪರೀಕ್ಷೆಗೆ ಮಾತ್ರ. ಜನ ಕುಣಿದರೆ ಕಂಪನಿ ನೂರಾರು ಪ್ರತಿ ಒತ್ತಿಸಿ, ಬರೀ ಬಿಳಿ ಲೇಬಲ್ ಅಂಟಿಸಿ ಡಿ.ಜೆ.ಗಳಿಗೆ ಹಂಚುತ್ತದೆ. ಆಮೇಲೆ ಅಂಗಡಿಗೆ.

ಹಲವು ರಚನೆಗಳು ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟವು. ಕಾರಣಗಳು ನಾಲ್ಕು. ಒಂದು, ಹಕ್ಕು. ಪ್ರಸಿದ್ಧ ಗಾಯಕಿಯ ದನಿಯನ್ನೋ ಸಿನಿಮಾದ ಮಾತನ್ನೋ ಅನುಮತಿಯಿಲ್ಲದೆ ಸೇರಿಸಿದ್ದರೆ ಯಾವ ಕಂಪನಿಯೂ ಮುಟ್ಟದು. ಎರಡು, ಕಂಪನಿಯೇ ಮುಚ್ಚಿಹೋಗುವುದು. 2000ದ ನಂತರ ರೆಕಾರ್ಡುಗಳ ಮಾರಾಟ ಕುಸಿದಾಗ ಅನೇಕ ಸಣ್ಣ ಲೇಬಲ್ಲುಗಳು ನೆಲಕಚ್ಚಿದವು. ಮೂರು, ಮಾಡಿದವನಿಗೇ ತೃಪ್ತಿ ಇಲ್ಲದಿರುವುದು. ನಾಲ್ಕು, ಅದು ಡಿ.ಜೆ. ತನ್ನ ಒಂದು ರಾತ್ರಿಗೆಂದೇ ಕತ್ತರಿಸಿ ಜೋಡಿಸಿಕೊಂಡ ರೂಪವಾಗಿರುವುದು. 2005ರಲ್ಲಿ ಬಂದ ‘ಫುಂಡಾಸಿಯಾನ್ ಎನ್‌ವೈಸಿ’ ಎಂಬ ಸಂಕಲನದ ಹೊತ್ತಿಗೆ ಸಾಷಾ ಟರ್ನ್‌ಟೇಬಲ್ ಬಿಟ್ಟು ಕಂಪ್ಯೂಟರಿನಲ್ಲೇ ಜೋಡಣೆ ಮಾಡತೊಡಗಿದ್ದರು. ಇಂಥ ರೂಪಗಳು ಇರುವುದು ಅವರವರ ಯಂತ್ರದೊಳಗೆ.

ನಮ್ಮ ನೆರೆಯ ಗೋವಾಕ್ಕೂ ಈ ಕಥೆಯ ನಂಟಿದೆ. ಅಂಜುನಾ ಕಡಲತೀರದ ಕೂಟಗಳಲ್ಲಿ ಬಿಸಿಲಿಗೆ ರೆಕಾರ್ಡು ಸೊಟ್ಟಗಾಗುತ್ತದೆಂದು ಡಿ.ಜೆ.ಗಳು ಟೇಪುಗಳನ್ನೇ ನೆಚ್ಚಿಕೊಂಡಿದ್ದರು. ದೇಶ ದೇಶಗಳಿಂದ ಬಂದವರು ಅಲ್ಲಿ ಡ್ಯಾಟ್‌ಗಳನ್ನು ಪರಸ್ಪರ ನಕಲು ಮಾಡಿಕೊಳ್ಳುತ್ತಿದ್ದರು. ಬಿಡುಗಡೆಯನ್ನೇ ಕಾಣದೆ ಟೇಪಿನಿಂದ ಟೇಪಿಗೆ ದಾಟಿದ ರಚನೆಗಳಿಗೆ ಲೆಕ್ಕವಿಲ್ಲ. 1994ರ ಡಿಸೆಂಬರ್‌ನಲ್ಲಿ ಪಾಲ್ ಓಕನ್‌ಫೋಲ್ಡ್ ಬಿ.ಬಿ.ಸಿ.ಗೆ ಕೊಟ್ಟ ಹೆಸರುವಾಸಿ ಸೆಟ್‌ನ ಹೆಸರೇ ‘ಗೋವಾ ಮಿಕ್ಸ್’.

ಯಂತ್ರ ಸೋಲುವಲ್ಲಿ ಕಿವಿ

“ಮೊಬೈಲ್ ಹಿಡಿದರೆ ಹಾಡಿನ ಹೆಸರು ಬರುತ್ತದಲ್ಲ?” ಎಂದು ಕೇಳುವವರಿದ್ದಾರೆ. ಬರುತ್ತದೆ, ಆದರೆ ಎಲ್ಲಕ್ಕೂ ಅಲ್ಲ. ‘ಷಜಾಮ್’ ಸೇವೆ ಬ್ರಿಟನ್ನಿನಲ್ಲಿ 2002ರಲ್ಲಿ ಶುರುವಾಯಿತು. 2580ಕ್ಕೆ ಫೋನ್ ಮಾಡಿ, ಹಾಡಿನತ್ತ ಹಿಡಿದರೆ ಹೆಸರು ಸಂದೇಶವಾಗಿ ಬರುತ್ತಿತ್ತು. ಸದ್ದಿನಲ್ಲಿ ಎದ್ದು ಕಾಣುವ ಶಿಖರಗಳನ್ನು ಆರಿಸಿ, ಅವುಗಳ ನಡುವಿನ ಕಾಲದ ಅಂತರವನ್ನು ಅಂಕಿಯಾಗಿಸಿ, ತನ್ನ ಭಂಡಾರದೊಡನೆ ತಾಳೆ ನೋಡುವುದು ಅದರ ವಿಧಾನ. ಬೆರಳಚ್ಚಿನಂತೆಯೇ ಇದು. ಪೊಲೀಸರ ಕಡತದಲ್ಲಿ ಇಲ್ಲದವನ ಬೆರಳಚ್ಚು ಸಿಕ್ಕರೆ ಏನು ಪ್ರಯೋಜನ? ಬಿಡುಗಡೆಯೇ ಆಗದ ರಚನೆ ಭಂಡಾರದಲ್ಲಿ ಇರುವುದಾದರೂ ಹೇಗೆ?

ಇನ್ನೊಂದು ತೊಡಕು ವೇಗದ್ದು. ಡಿ.ಜೆ.ಗಳ ನೆಚ್ಚಿನ ಟೆಕ್ನಿಕ್ಸ್ ಟರ್ನ್‌ಟೇಬಲ್ಲಿನಲ್ಲಿ ವೇಗವನ್ನು ಶೇಕಡ 8ರಷ್ಟು ಹೆಚ್ಚು ಕಡಿಮೆ ಮಾಡಬಹುದು. ವೇಗ ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಮನೆಯ ಟೇಪ್ ರೆಕಾರ್ಡರ್ ನಿಧಾನವಾಗಿ ಓಡಿದ್ದರೆ ಇನ್ನಷ್ಟು ವ್ಯತ್ಯಾಸ. ಆಗ ಭಂಡಾರದಲ್ಲಿರುವ ಹಾಡನ್ನೂ ಯಂತ್ರ ಗುರುತಿಸದೆ ಹೋಗಬಹುದು.

ಆದ್ದರಿಂದ ಹುಡುಕುವವರು ಪತ್ತೇದಾರರ ಹಾದಿ ಹಿಡಿಯುತ್ತಾರೆ. ಮೊದಲು ಸೆಟ್‌ನ ದಿನಾಂಕ ಖಚಿತವಾಗಬೇಕು. 1997ರ ಕ್ಯಾಸೆಟ್ಟಿನಲ್ಲಿ ಕೇಳಿದ್ದು 1999ರಲ್ಲಿ ಮೊದಲ ಬಾರಿ ತಯಾರಾದ ರಚನೆ ಆಗಿರಲಾರದು. ಆಮೇಲೆ, ಅದೇ ರಚನೆ ಬೇರೆ ಯಾವ ಸೆಟ್‌ಗಳಲ್ಲಿ ಬಂದಿದೆ ಎಂದು ನೋಡುತ್ತಾರೆ. ಒಬ್ಬನೇ ಡಿ.ಜೆ. ಎಲ್ಲೆಡೆ ಹಾಕಿದ್ದರೆ ಅದು ಅವನ ಆಪ್ತವಲಯದ್ದು. ಆರು ತಿಂಗಳ ನಂತರ ಹತ್ತು ಜನ ಹಾಕಿದ್ದರೆ ಬಿಳಿ ಲೇಬಲ್ ಬಂದಿರಬೇಕು. ಮಾತು ಕೇಳಿಸಿದರೆ ಅದನ್ನು ಬರೆದುಕೊಂಡು ಹುಡುಕುತ್ತಾರೆ. 2000ದಲ್ಲಿ ಆರಂಭವಾದ, ಬಳಕೆದಾರರೇ ಕಟ್ಟಿ ಬೆಳೆಸಿದ ‘ಡಿಸ್ಕಾಗ್ಸ್’ ಎಂಬ ರೆಕಾರ್ಡುಗಳ ಮಹಾಸೂಚಿಯನ್ನು ಜಾಲಾಡುತ್ತಾರೆ. ಕೊನೆಗೆ ಹಳೆಯ ಡಿ.ಜೆ.ಗೆ, ರಚನಕಾರನಿಗೆ ಪತ್ರ ಬರೆಯುತ್ತಾರೆ. ಉತ್ತರ ಬಂದರೂ ಸಾಲದು. ಇಪ್ಪತ್ತೈದು ವರ್ಷದ ಹಿಂದಿನ ನೆನಪು ಮೋಸ ಮಾಡಬಹುದು. ಎರಡು ಧ್ವನಿಮುದ್ರಣಗಳನ್ನು ಅಕ್ಕಪಕ್ಕ ಇಟ್ಟು ಕೇಳಿ ಹೊಂದಿದರೆ ಮಾತ್ರ ಪತ್ತೆಯಾಯಿತು ಎಂದರ್ಥ.

ಕೆಲವೊಮ್ಮೆ ಹುಡುಕುತ್ತಿದ್ದ ವಸ್ತುವೇ ಇರುವುದಿಲ್ಲ! ಡಿ.ಜೆ. ಒಂದು ರೆಕಾರ್ಡಿನ ತಾಳದ ಮೇಲೆ ಇನ್ನೊಂದರ ಕಂಠವನ್ನು ನಾಲ್ಕು ನಿಮಿಷ ತೇಲಿಸಿರುತ್ತಾನೆ. ಕೇಳುಗ ಅದನ್ನು ಒಂದೇ ರಚನೆ ಎಂದು ತಿಳಿದು ವರ್ಷಗಟ್ಟಲೆ ಅರಸುತ್ತಾನೆ. ಅದು ಆ ರಾತ್ರಿ ಹುಟ್ಟಿ ಆ ರಾತ್ರಿಯೇ ಮುಗಿದ ಸಂಗೀತ.

ಛಲ ಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರಕಾರದ ಹೊರಗಿನ ಒಂದು ಉದಾಹರಣೆ ಇದೆ. 1980ರ ದಶಕದಲ್ಲಿ ಜರ್ಮನಿಯ ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಒಂದು ರಾಕ್ ಹಾಡು ಯಾರದೆಂದು ತಿಳಿಯದೆ 2007ರಿಂದ ಜಗತ್ತಿನೆಲ್ಲೆಡೆ ಹುಡುಕಾಟ ನಡೆದಿತ್ತು. 2024ರ ನವೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಅದು ಕೀಲ್ ಎಂಬ ಊರಿನ ‘ಫೆಕ್ಸ್’ ತಂಡದ ಹಾಡು. ಸುಳಿವು ಕೊಟ್ಟದ್ದು ಹಳೆಯ ಪತ್ರಿಕೆಯೊಂದರಲ್ಲಿ ಆ ತಂಡದ ಬಗ್ಗೆ ಅಚ್ಚಾಗಿದ್ದ ಬರಹ. ವರದಿಗಾರನಾದ ನನಗೆ ಇದು ಸಣ್ಣ ಸಂತೋಷವಲ್ಲ.

ಸಿಕ್ಕ ಮೇಲೆ?

ಪತ್ತೆಯಾದದ್ದನ್ನು ಪಡೆದುಕೊಳ್ಳುವ ಹಕ್ಕು ನಮಗೆ ಇದೆಯೇ? ಇಲ್ಲಿ ಹುಡುಕುವವರಲ್ಲೇ ಎರಡು ಪಂಗಡ. ಜನರ ಮುಂದೆ ಒಮ್ಮೆ ನುಡಿಸಿದ್ದು ಜನರದ್ದೇ, ಹೇಗಾದರೂ ಸಂಪಾದಿಸಿ ಹಂಚಬೇಕು ಎಂಬುದು ಒಂದು ವಾದ. ರಚನಕಾರ ನಂಬಿಕೆಯ ಮೇಲೆ ಒಬ್ಬರಿಗೆ ಕೊಟ್ಟದ್ದನ್ನು ಕದ್ದು ಹಂಚುವುದು ತಪ್ಪು ಎಂಬುದು ಇನ್ನೊಂದು. ಹೀಗೆ ಸೋರಿದ ಪ್ರತಿಗಳಿಂದ ಕಳ್ಳ ರೆಕಾರ್ಡು ಒತ್ತಿಸಿ ಹಣ ಮಾಡುವವರು ಇರುವಾಗ ಎರಡನೆಯ ವಾದಕ್ಕೇ ತೂಕ ಹೆಚ್ಚು ಎಂದು ನನ್ನ ಎಣಿಕೆ. ಯಾರಿಗೂ ಬೇಡವೆಂದು ಮಾಡಿದವನೇ ಪಕ್ಕಕ್ಕಿಟ್ಟದ್ದನ್ನು ಅಲ್ಲಿಯೇ ಬಿಡುವುದೂ ಒಂದು ಮರ್ಯಾದೆ.

ಆದರೆ ಹೆಸರಿನ ವಿಚಾರ ಬೇರೆ. ರಚನೆಯನ್ನು ಬಚ್ಚಿಡುವ ಹಕ್ಕು ಅದನ್ನು ಮಾಡಿದವನಿಗೆ ಇದೆ. ಅವನ ಹೆಸರನ್ನು ಬಚ್ಚಿಡುವ ಹಕ್ಕು ಡಿ.ಜೆ.ಗೆ ಇದೆಯೇ? ಸಾಷಾ ನುಡಿಸಿದ್ದನ್ನು ಜನ ಸಾಷಾ ಅವರದ್ದೆಂದೇ ನೆನಪಿಡುತ್ತಾರೆ. ಕೋಣೆಯಲ್ಲಿ ಕೂತು ಅದನ್ನು ಕಟ್ಟಿದವನು, ಸಾವಿರಾರು ಜನ ತನ್ನ ಸಂಗೀತಕ್ಕೆ ಕುಣಿದದ್ದೂ ತಿಳಿಯದೆ, ಬೇರೆ ಕೆಲಸ ಹಿಡಿದು ಬಾಳುತ್ತಿರಬಹುದು. ಅಂಥವನಿಗೆ ಕಾಲು ಶತಮಾನದ ಮೇಲೆ ಒಂದು ಪತ್ರ ಬಂದು, “ಇದು ನಿಮ್ಮದೇ?” ಎಂದು ಕೇಳುವುದಿದೆಯಲ್ಲ, ಈ ಹುಚ್ಚಿಗೆ ಅರ್ಥ ಬರುವುದು ಅಲ್ಲಿ.

ಕಾಲವೂ ಹೆಚ್ಚಿಲ್ಲ. ಅಸಿಟೇಟಿನ ಮೆರುಗೆಣ್ಣೆ ಬಿರುಕು ಬಿಡುತ್ತದೆ. ಡ್ಯಾಟ್ ಟೇಪು ಹಾಳಾದರೆ ಸದ್ದು ಮಂಕಾಗುವುದಿಲ್ಲ, ತುಂಡು ತುಂಡಾಗಿ ಮಾಯವಾಗುತ್ತದೆ. ಸೋನಿ ಕಂಪನಿ ಡ್ಯಾಟ್ ಯಂತ್ರಗಳ ತಯಾರಿಕೆಯನ್ನು 2005ರಲ್ಲೇ ನಿಲ್ಲಿಸಿತು. ಸುಸ್ಥಿತಿಯ ಯಂತ್ರ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಆಗ ಇಪ್ಪತ್ತು, ಇಪ್ಪತ್ತೈದರವರಾಗಿದ್ದವರು ಈಗ ಐವತ್ತು ದಾಟಿದ್ದಾರೆ. ಟೇಪು ಓಡುವ ತನಕ, ಮಾಡಿದವರು ಬದುಕಿರುವ ತನಕ ಮಾತ್ರ ಆ ಪ್ರಶ್ನೆ ಕೇಳಲು ಸಾಧ್ಯ.

ನಮ್ಮ ಮನೆಗಳಲ್ಲೂ ಮದುವೆಯ ಹಾಡು, ಹರಿಕಥೆ, ಸಂಗೀತ ಕಛೇರಿ ತುಂಬಿದ ಹಳೆಯ ಕ್ಯಾಸೆಟ್ಟುಗಳು ಇವೆ. ಬಹುಪಾಲಿನ ಮೇಲೆ ಏನೂ ಬರೆದಿರುವುದಿಲ್ಲ. ಹಾಡಿದವರನ್ನು ದನಿಯಿಂದಲೇ ಗುರುತಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಪಕ್ಕದಲ್ಲಿ ಕೂತು ಒಮ್ಮೆ ಕ್ಯಾಸೆಟ್ ಹಾಕಿ, ಹೆಸರು ಕೇಳಿ, ಲೇಬಲ್ಲಿನ ಮೇಲೆ ಬರೆದಿಡಿ.